ನಕಾಶೆಯೂ ದಿಕ್ಸೂಚಿಯೂ
(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗೆ ಒಂದು ಪಾಠ)

ಅರಿಯದ ಸೀಮೆಯಲ್ಲಿ ದಾರಿಯನ್ನು ಕೇಳಿ ನಡೆಯುವುದು ಒಂದು ಬಗೆ. ತಾನೇ ಅರಿತು ನಡೆಯುವುದು ಇನ್ನೊಂದು ಬಗೆ. ಕೇಳುವುದಕ್ಕೆ ಯಾರೂ ಇಲ್ಲದ ಕಾಡಿನಲ್ಲಿಯೂ ಮಂಜು ಕವಿದ ಗುಡ್ಡದ ಮೇಲೆಯೂ ಎರಡನೆಯದೇ ಗತಿ. ಈಗಿನ ಮೊಬೈಲ್ ಫೋನು ದಾರಿ ತೋರಿಸುವುದು ನಿಜ; ಆದರೆ ಬ್ಯಾಟರಿ ಮುಗಿದೊಡನೆ ಅದು ಮೂಕವಾಗುವುದು. ನಕಾಶೆಯನ್ನು ಓದಬಲ್ಲ ಹುಡುಗಿಯು ಆಗಲೂ ದಿಕ್ಕುಗೆಡಳು. ಈ ವಿದ್ಯೆಯನ್ನು ಓರಿಯೆಂಟಿಯರಿಂಗ್ ಎಂಬ ಆಟವನ್ನಾಗಿ ಬೆಳೆಸಿದವರು ಸ್ವೀಡನ್ ಮತ್ತು ನಾರ್ವೆ ದೇಶದವರು. ಇದರ ಮೊದಲನೆಯ ಸಾರ್ವಜನಿಕ ಸ್ಪರ್ಧೆಯು 1897ರಲ್ಲಿ ನಾರ್ವೆಯಲ್ಲಿ ನಡೆಯಿತು.

1. ನಕಾಶೆ. 1767ರಲ್ಲಿ ಆರಂಭವಾದ ಸರ್ವೇ ಆಫ್ ಇಂಡಿಯಾ ಇಲಾಖೆಯ 1:50,000 ಪ್ರಮಾಣದ ಹಾಳೆಯಲ್ಲಿ ಎರಡು ಸೆಂಟಿಮೀಟರು ನೆಲದ ಮೇಲಿನ ಒಂದು ಕಿಲೋಮೀಟರಿಗೆ ಸಮ. ಅದರಲ್ಲಿರುವ ಕಂದು ಬಣ್ಣದ ಗೆರೆಗಳು ಸಮೋನ್ನತಿ ರೇಖೆಗಳು. ಒಂದರಿಂದ ಮತ್ತೊಂದಕ್ಕೆ ಸಾಮಾನ್ಯವಾಗಿ 20 ಮೀಟರ್ ಎತ್ತರ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ವಿರಳವಾಗಿದ್ದರೆ ಇಳಿಜಾರು ಮೆಲ್ಲನೆಯದು. ನೀರಿರುವ ಹೊಳೆಗೆ ನೀಲಿ, ಒಣಗುವ ಹಳ್ಳಕ್ಕೆ ಕಪ್ಪು ಬಣ್ಣ. ಕಪ್ಪು ಗೆರೆಯನ್ನು ನಂಬಿ ಬೇಸಿಗೆಯಲ್ಲಿ ಬರಿಯ ಕೊಡ ಹಿಡಿದು ಹೊರಡಬಾರದು.

2. ದಿಕ್ಸೂಚಿ. ಕಬ್ಬಿಣದ ವಸ್ತುಗಳಿಂದ ಇದನ್ನು ದೂರವಿಡತಕ್ಕದ್ದು. ಕಾಂತಸೂಜಿಯ ಉತ್ತರವೂ ನಿಜವಾದ ಉತ್ತರವೂ ಒಂದೇ ಅಲ್ಲ. ಕರ್ನಾಟಕದಲ್ಲಿ ಅಂತರವು ಎರಡು ಡಿಗ್ರಿಗಿಂತ ಕಡಿಮೆಯಾದುದರಿಂದ ಚಿಕ್ಕ ನಡಿಗೆಯಲ್ಲಿ ಅದನ್ನು ಲೆಕ್ಕಿಸಬೇಕಾದುದಿಲ್ಲ. ದಿಕ್ಸೂಚಿಯ ಹಲಗೆಯ ಅಂಚನ್ನು ನಾವಿರುವ ಸ್ಥಳದಿಂದ ಸೇರಬೇಕಾದ ಸ್ಥಳಕ್ಕೆ ಜೋಡಿಸಿ, ದಿಕ್ಕಿನ ಬಾಣವು ಮುಂದಕ್ಕೆ ಮುಖಮಾಡುವಂತೆ ಇಡಬೇಕು. ಅಂಕಗಳ ಚಕ್ರವನ್ನು ತಿರುಗಿಸಿ ಅದರ ಉತ್ತರವನ್ನು ನಕಾಶೆಯ ಉತ್ತರಕ್ಕೆ ಸರಿಹೊಂದಿಸಬೇಕು. ಬಳಿಕ ಹಲಗೆಯನ್ನು ಎದೆಯ ಮುಂದೆ ಮಟ್ಟವಾಗಿ ಹಿಡಿದು, ಸೂಜಿಯ ಕೆಂಪು ತುದಿಯು ಚಕ್ರದ ಉತ್ತರಕ್ಕೆ ಬರುವ ತನಕ ದೇಹವನ್ನೇ ತಿರುಗಿಸಬೇಕು. ಆಗ ಬಾಣವು ತೋರುವುದೇ ದಾರಿ. ಆ ನೇರದಲ್ಲಿ ಒಂದು ಮರವನ್ನೋ ಬಂಡೆಯನ್ನೋ ಗುರುತಿಟ್ಟು, ಅದನ್ನು ಸೇರಿ, ಮುಂದಿನ ಗುರುತನ್ನು ಹುಡುಕಬೇಕು.

3. ಜಾಣ್ಮೆಯ ನಡಿಗೆ. ಐದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿನಲ್ಲಿ ಸುಮಾರು 87 ಮೀಟರ್ ಪಕ್ಕಕ್ಕೆ ಸರಿಯುವೆವು. ಉತ್ತರಕ್ಕೆ ಒಂದು ಕಿಲೋಮೀಟರ್ ದೂರದಲ್ಲಿ ಅಡ್ಡಹೊಳೆಯೂ ಅದಕ್ಕೊಂದು ಸೇತುವೆಯೂ ಇವೆಯೆಂದು ಇಟ್ಟುಕೊಳ್ಳಿರಿ. ಸೇತುವೆಗೇ ಗುರಿಯಿಟ್ಟು ನಡೆದವಳು ಹೊಳೆಯ ದಡಕ್ಕೆ ಬಂದಾಗ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ತಿಳಿಯಲಾರಳು. ಬೇಕೆಂದೇ ನೂರು ಮೀಟರ್ ಪೂರ್ವಕ್ಕೆ ಗುರಿಯಿಟ್ಟವಳಿಗಾದರೋ ಸಂದೇಹವಿಲ್ಲ: ಹೊಳೆ ಕಂಡೊಡನೆ ಎಡಕ್ಕೆ ತಿರುಗಿದರೆ ಸೇತುವೆ ಸಿಕ್ಕುವುದು.

ಹೊತ್ತಿನ ಲೆಕ್ಕವೂ ಬೇಕು. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಹೇಳಿದ ಸೂತ್ರದಂತೆ ಮೂರು ಮೈಲಿಗೆ ಒಂದು ಗಂಟೆ. ಏರುವ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. ಸೂರ್ಯಾಸ್ತಕ್ಕೆ ಮುಂಚೆ ಮರಳುವ ಹೊತ್ತನ್ನು ಹೊರಡುವಾಗಲೇ ಎಣಿಸತಕ್ಕದ್ದು.

4. ದಾರಿ ತಪ್ಪಿದರೆ. ಓಡಬಾರದು, ನಿಲ್ಲಬೇಕು. ನಕಾಶೆಯನ್ನು ಉತ್ತರಕ್ಕೆ ಸರಿಯಾಗಿ ಹಿಡಿದು, ನಿಶ್ಚಯವಾಗಿ ಗುರುತಿಸಿದ ಕೊನೆಯ ಸ್ಥಳ ಯಾವುದು, ಅಲ್ಲಿಂದ ಎಷ್ಟು ಹೊತ್ತು ನಡೆದೆವು ಎಂದು ಯೋಚಿಸಬೇಕು. ಗುರುತು ಸಿಕ್ಕದಿದ್ದರೆ ಬಂದ ದಾರಿಯಲ್ಲೇ ಅಲ್ಲಿಗೆ ಹಿಂದಿರುಗುವುದು ಲೇಸು.

ಅಭ್ಯಾಸ. ನೂರು ಮೀಟರನ್ನು ಅಳೆದು ನಿಮ್ಮ ಹೆಜ್ಜೆಗಳನ್ನು ಎಣಿಸಿರಿ. ಮನೆಯಿಂದ ಶಾಲೆಗೆ ನಕಾಶೆ ಬರೆಯಿರಿ. ಹೆತ್ತವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮುಂದಿನ ಪ್ರವಾಸದಲ್ಲಿ ನಕಾಶೆಯನ್ನು ಮಗಳ ಕೈಗೆ ಕೊಟ್ಟು ನೀವು ಹಿಂದೆ ನಡೆಯಿರಿ. ಅವಳು ತಡವರಿಸಿದರೂ ಒಡನೆ ಹೇಳಿಕೊಡಬೇಡಿರಿ. ತಾನೇ ಕಂಡುಕೊಂಡ ದಾರಿಯನ್ನು ಅವಳು ಮರೆಯಲಾರಳು.