ಹೊಲಿಗೆಯ ಅನಂತರ

ಸುಮಾರು 700 ಶಿಶುಗಳಲ್ಲಿ ಒಂದು ಸೀಳುತುಟಿ ಅಥವಾ ಸೀಳಿದ ಅಂಗುಳದೊಡನೆ ಹುಟ್ಟುತ್ತದೆ. ಬಸಿರಿ ಗ್ರಹಣ ನೋಡಿದುದರ ಫಲವಿದೆಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ಅದು ನಿಜವಲ್ಲ, ಬಸಿರಿನ ಮೊದಲ ತಿಂಗಳುಗಳಲ್ಲಿ ಮುಖದ ಭಾಗಗಳು ಕೂಡಿಕೊಳ್ಳದೆ ಉಳಿಯುವುದರಿಂದ ಹೀಗಾಗುತ್ತದೆ.

ಕಳೆದ ರಜೆಯಲ್ಲಿ ಅನಾಥ ಮಕ್ಕಳ ಶಸ್ತ್ರಚಿಕಿತ್ಸಾ ಶಿಬಿರವೊಂದರಲ್ಲಿ ನಾನು ಸ್ವಯಂಸೇವಕನಾಗಿದ್ದೆ. ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕಿಳಿದರೆ ಪ್ರಾಣಾಪಾಯ. ಆದುದರಿಂದ ಹಸುವಿನ ಹಾಲು ಕುಡಿಸಿ 6 ಗಂಟೆಯಾದರೂ ಕಳೆದಿರಬೇಕು. ಹಸಿದು ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ತಿರುಗಾಡಿಸುವುದು, ಆಮೇಲೆ ಅದು ಹೊಲಿಗೆಗೆ ಕೈ ಹಾಕದಂತೆ ಕಾಯುವುದು ನನ್ನ ಕೆಲಸ.

ಹೊಲಿಗೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಮಾತು ಹಾಗಲ್ಲ. ಅಂಗುಳ ಸೀಳಿದ್ದ ಮಗುವಿನ ಉಸಿರು ಮೂಗಿಗೆ ಹರಿದು 'ಬಾ' ಎಂಬುದು 'ಮಾ' ಎಂದು ಕೇಳಿಸುತ್ತದೆ. ಅನೇಕ ಮಕ್ಕಳಿಗೆ ತಿಂಗಳುಗಟ್ಟಲೆ ದಿನವೂ ನುಡಿಸಿ ತಿದ್ದಬೇಕಾಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ತಜ್ಞರು ಕ್ರಮವನ್ನು ತೋರಿಸಿಕೊಡುತ್ತಾರೆ. ಉಳಿದುದು ತಾಯಿಯ ಕೆಲಸ. ತಾಯಿಯಿಲ್ಲದ ಮಗುವಿಗೆ ನುಡಿಸುವವರು ಯಾರು?

ನನ್ನ ತಾಯಿಗೆ ಅಕ್ಷರ ಬಾರದು. ಆದರೂ ನನಗೆ ಮಾತು ಕಲಿಸಿದವಳು ಅವಳೇ. ಇದಕ್ಕೆ ಬೇಕಾದುದು ಪಾಂಡಿತ್ಯವಲ್ಲ, ತಾಳ್ಮೆ ಮತ್ತು ಬಿಡುವು. ತಜ್ಞರು ಹೇಳಿದಂತೆ ವಾರಕ್ಕೆರಡು ಸಂಜೆ ಅನಾಥಾಲಯಕ್ಕೆ ಹೋಗಿ ನುಡಿಸುವಷ್ಟು ಬಿಡುವು ವಿದ್ಯಾರ್ಥಿಗಳಾದ ನಮಗಿಲ್ಲವೆ?