ಮೂತ್ರಪಿಂಡಗಳ ಮೇಲೆ ಜೆಂಟಾಮೈಸಿನ್ ಪರಿಣಾಮ

ರಾಸುಗಳ ಸೋಂಕು ರೋಗಗಳಿಗೆ ಪಶುವೈದ್ಯರು ಬಳಸುವ ಆಂಟಿಬಯೋಟಿಕ್ ಔಷಧಿಗಳಲ್ಲಿ ಜೆಂಟಾಮೈಸಿನ್ ಒಂದು. 1963ರಲ್ಲಿ ಬೆಳಕಿಗೆ ಬಂದ ಈ ಔಷಧಿ ಮಿತಿಮೀರಿದರೆ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ.

ಪ್ರಯೋಗಶಾಲೆಯ ಬಿಳಿ ಇಲಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೆಲವು ದಿನ ಸತತವಾಗಿ ಇದನ್ನು ಚುಚ್ಚಿದಾಗ ಕಂಡುಬರುವ ಬದಲಾವಣೆಗಳು:

1. ಮೂತ್ರಪಿಂಡದ ಸೂಕ್ಷ್ಮ ನಾಳಗಳ ಒಳಪದರದ ಜೀವಕೋಶಗಳಲ್ಲಿ ಔಷಧಿ ಶೇಖರವಾಗುತ್ತದೆ, ಕೋಶಗಳು ಊದಿಕೊಳ್ಳುತ್ತವೆ.

2. ಬಳಿಕ ಅವು ಸತ್ತು, ಕಳಚಿ, ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ.

3. ರಕ್ತದಲ್ಲಿ ಯೂರಿಯಾ, ಕ್ರಿಯಾಟಿನಿನ್ ಏರುತ್ತವೆ.

ಮೊದಮೊದಲು ಮೂತ್ರ ಕಡಿಮೆಯಾಗುವುದಿಲ್ಲ, ಹೆಚ್ಚಲೂಬಹುದು. ಆದ್ದರಿಂದ ಹಾನಿ ಹೊರಗೆ ತಿಳಿಯದು. ಸಕಾಲದಲ್ಲಿ ಔಷಧಿ ನಿಲ್ಲಿಸಿದರೆ ಹೊಸ ಕೋಶಗಳು ಬೆಳೆದು ಬಹುಮಟ್ಟಿಗೆ ಸರಿಹೋಗುತ್ತದೆ.

ರೈತರು ಗಮನಿಸಬೇಕಾದ ಅಂಶಗಳು:

* ಉಳಿದ ಔಷಧಿಯನ್ನು ತಾವೇ ಚುಚ್ಚಬಾರದು. ಪ್ರಮಾಣವನ್ನೂ ದಿನಗಳನ್ನೂ ರಾಸಿನ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು.

* ಭೇದಿಯಿಂದ ಬಳಲಿದ ಕರುವಿಗೆ ಅಪಾಯ ಹೆಚ್ಚು. ದೇಹದ ನೀರಿನ ಕೊರತೆಯನ್ನು ಮೊದಲು ನೀಗಿಸಬೇಕು.

* ಔಷಧಿಯ ಅಂಶ ಮೂತ್ರಪಿಂಡದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಲಿನಲ್ಲಿಯೂ ಬರುತ್ತದೆ. ವೈದ್ಯರು ತಿಳಿಸಿದ ಅವಧಿ ಮುಗಿಯುವವರೆಗೆ ಹಾಲನ್ನು ಡೇರಿಗೆ ಹಾಕಬಾರದು.

ಯಲಹಂಕ, ಹೆಬ್ಬಾಳ ಸುತ್ತಿನ ರೈತರು ಸಮೀಪದ ಪಶು ಆಸ್ಪತ್ರೆಯಲ್ಲಿ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸಲಹೆ ಪಡೆಯಬಹುದು.