ಹಳೆಯ ತೊಟ್ಟಿಯ ಹೆಪ್ಪು

ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿರುವ ಮೀನಿನ ತೊಟ್ಟಿಯನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅದರ ಮೀನುಗಳನ್ನು ನಾವು ಎರಡು ಸಲ ದೊಡ್ಡ ತೊಟ್ಟಿಗೆ ಸಾಗಿಸಿದೆವು. ಮೊದಲನೆಯ ಸಲ ಸೋತೆವು, ಎರಡನೆಯ ಸಲ ಗೆದ್ದೆವು. ಸೋಲಿನ ಕಾರಣವು ಬೋಧಪ್ರದವಾಗಿರುವುದರಿಂದ ಅದನ್ನು ಮರೆಮಾಚದೆ ಇಲ್ಲಿ ಬರೆಯುತ್ತೇವೆ.

ಮೊದಲಿನ ತೊಟ್ಟಿಯಲ್ಲಿ ೬೦ ಲೀಟರು ನೀರೂ ೨೨ ಮೀನುಗಳೂ ಇದ್ದುವು. ಶಹಾಬಾದಿನ ಸುಣ್ಣಕಲ್ಲಿನ ಈ ಸೀಮೆಯಲ್ಲಿ ಬಾವಿಯ ನೀರು ಗಡಸು; ಗಪ್ಪಿ ಮತ್ತು ಮಾಲಿ ಎಂಬ ಮೀನುಗಳಿಗೆ ಅದು ಒಗ್ಗುವುದರಿಂದ ಅವನ್ನೇ ಸಾಕಿದ್ದೆವು. ೧೨೦ ಲೀಟರಿನ ತೊಟ್ಟಿ ಬಂದ ದಿನ ಹುಡುಗಿಯರು ಬಹಳ ಶ್ರದ್ಧೆಯಿಂದ ದುಡಿದರು. ಮರಳನ್ನು ಕುದಿಯುವ ನೀರಿನಲ್ಲಿ ತೊಳೆದರು, ಕಲ್ಲುಗಳನ್ನು ಉಜ್ಜಿದರು, ಫಿಲ್ಟರಿನ ಕಂದು ಬಣ್ಣದ ಸ್ಪಂಜನ್ನು ಬಿಸಾಡಿ ಹೊಸದನ್ನು ಹಾಕಿದರು, ಹಳೆಯ ನೀರನ್ನೆಲ್ಲಾ ಚೆಲ್ಲಿದರು. ಸ್ವಚ್ಛತೆಗಾಗಿ ನಾವು ಅವರನ್ನು ಪ್ರಾರ್ಥನಾಸಭೆಯಲ್ಲಿ ಹೊಗಳಿದೆವು. ನಾಲ್ಕನೆಯ ದಿನ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದುವು. ಹತ್ತು ದಿನಗಳಲ್ಲಿ ಐದು ಮಾತ್ರ ಉಳಿದುವು.

“ಎಲ್ಲಾ ಸ್ವಚ್ಛ ಮಾಡೀವಲ್ರಿ ಅಕ್ಕೋರೆ, ಮತ್ಯಾಕ ಸತ್ತ್ವು?” ಎಂದು ಕಮಲಾಪುರದಿಂದ ಬಂದು ವಸತಿಗೃಹದಲ್ಲಿದ್ದ ಹುಡುಗಿಯೊಬ್ಬಳು ಅಳುತ್ತಾ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ತಿಂಗಳು ಅವಳ ತಾಯಿಯು ತಮ್ಮೂರಿನ ಕೆಂಪು ಬಾಳೆಯ ಹಣ್ಣುಗಳೊಡನೆ ಮಗಳನ್ನು ನೋಡಲು ಬಂದಿದ್ದಳು. ನಡೆದುದನ್ನು ಕೇಳಿ, “ಹೆಪ್ಪು ಹಾಕ್ದೆ ಮಸರು ಆಗ್ತದೇನ್ರಿ ಅಕ್ಕೋರೆ? ಹಳೇದು ಚೂರರ ಉಳಿಸಬೇಕಿತ್ತು” ಎಂದಳು. ನಾವು ಆಗ ಸುಮ್ಮನೆ ನಕ್ಕೆವು. ಅನಂತರ ಪುಸ್ತಕಗಳನ್ನು ತೆರೆದು ನೋಡಿದಾಗ ಆ ತಾಯಿಯ ಮಾತೇ ಸರಿಯೆಂದು ತಿಳಿಯಿತು.

ಅದು ಹೇಗೆಂದರೆ, ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುವುದು. ಇದು ಮೀನಿಗೆ ವಿಷ. ಗಡಸು ನೀರು ಕ್ಷಾರಗುಣದ್ದಾಗಿದ್ದರೆ ವಿಷವು ಮತ್ತೂ ತೀಕ್ಷ್ಣ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಮಣ್ಣಿನಲ್ಲಿಯೂ ಇದೇ ಕೆಲಸ ನಡೆಯುವುದು. ಅದನ್ನು ಮಾಡುವ ಜೀವಿಗಳನ್ನು ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿದ್ವಾಂಸನು ೧೮೯೦ರ ಸುಮಾರಿಗೆ ಬೇರ್ಪಡಿಸಿ ತೋರಿಸಿದನು. ಇವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಮರಳು, ಕಲ್ಲುಗಳಿಗೆ ಅಂಟಿಕೊಂಡು ಬಾಳುವುವು. ಹೊಸ ತೊಟ್ಟಿಯಲ್ಲಿ ಇವು ತಾವಾಗಿಯೇ ಬೇಕಾದಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳಾದರೂ ಹಿಡಿಯುವುದುಂಟು. ನಾವು ಕೊಳೆಯೆಂದು ಬಿಸಾಡಿದ ಕಂದು ಸ್ಪಂಜೇ ಆ ತೊಟ್ಟಿಯ ಹೆಪ್ಪಾಗಿತ್ತು.

ಉಳಿದ ಐದು ಮೀನುಗಳನ್ನು ಪ್ರತಿದಿನ ಕಾಲು ಭಾಗ ನೀರು ಬದಲಾಯಿಸುತ್ತಾ ಕಾಪಾಡಿದೆವು. ಗಪ್ಪಿಗಳು ಮರಿಯನ್ನೇ ಹಾಕುವುದರಿಂದ ಎರಡು ವರ್ಷಗಳಲ್ಲಿ ತೊಟ್ಟಿ ತುಂಬಿಹೋಯಿತು. ಆಗ ೩೦೦ ಲೀಟರಿನ ತೊಟ್ಟಿಗೆ ಸಾಗಿಸಿದ ಕ್ರಮವಿದು:

೧. ಮುನ್ನೂರು ಲೀಟರು ನೀರೆಂದರೆ ಮುನ್ನೂರು ಕಿಲೋ ಭಾರ. ಆದುದರಿಂದ ಮೇಜನ್ನು ಬಿಟ್ಟು, ಭದ್ರವಾದ ಕಟ್ಟೆಯ ಮೇಲೆ ಸಮನಾಗಿ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ತೊಟ್ಟಿಯನ್ನಿಟ್ಟೆವು. ಬೇಸಿಗೆಯನ್ನು ಕಳೆದು, ಮಳೆ ಬಿದ್ದ ಮೇಲೆ, ತಂಪಾದ ಬೆಳಗಿನಲ್ಲಿ ಕೆಲಸಕ್ಕೆ ತೊಡಗಿದೆವು.

೨. ನಲ್ಲಿಯ ನೀರಿನ ಕ್ಲೋರಿನ್ ಮೀನನ್ನೂ ಬ್ಯಾಕ್ಟೀರಿಯವನ್ನೂ ಕೊಲ್ಲುವುದು. ಅದಕ್ಕಾಗಿ ಹಿಂದಿನ ದಿನವೇ ನೀರು ತುಂಬಿಟ್ಟು ಗಾಳಿಯಾಡಿಸಿದೆವು. ಮೀನುಗಳಿಗೆ ಆ ದಿನ ಉಪವಾಸ.

೩. ಹಳೆಯ ಸ್ಪಂಜನ್ನೂ ಕಲ್ಲುಗಳನ್ನೂ ಹಳೆಯ ನೀರಿನಲ್ಲಿಯೇ ಮುಳುಗಿಸಿ ಒಯ್ದೆವು, ಅವು ಒಣಗಕೂಡದು. ಕೊಳಕಾಗಿದ್ದ ಸ್ಪಂಜನ್ನು ಹಳೆಯ ನೀರಿನಲ್ಲಿಯೇ ಮೆಲ್ಲಗೆ ಹಿಂಡಿ, ಹೊಸ ಫಿಲ್ಟರಿನ ಪಕ್ಕದಲ್ಲಿ ಅದನ್ನೂ ನಡೆಸಿದೆವು.

೪. ಮೀನುಗಳನ್ನು ಹಳೆಯ ನೀರಿನ ಚೀಲದಲ್ಲಿ ಹಾಕಿ, ಚೀಲವನ್ನು ಹೊಸ ತೊಟ್ಟಿಯಲ್ಲಿ ಅರ್ಧ ಗಂಟೆ ತೇಲಬಿಟ್ಟೆವು. ಬಳಿಕ ಐದೈದು ನಿಮಿಷಕ್ಕೊಮ್ಮೆ ಒಂದೊಂದು ಬಟ್ಟಲು ಹೊಸ ನೀರನ್ನು ಅದಕ್ಕೆ ಬೆರೆಸಿದೆವು. ಅವಸರ ಮಾಡಲಿಲ್ಲ.

೫. ಎರಡು ವಾರ ಅಲ್ಪಾಹಾರವನ್ನೇ ಕೊಟ್ಟು, ಅಮೋನಿಯ ಮತ್ತು ನೈಟ್ರೈಟುಗಳನ್ನು ಪ್ರತಿದಿನ ಪರೀಕ್ಷಿಸಿದೆವು. ಕರೆಂಟು ಹೋದರೂ ಗಾಳಿ ನಿಲ್ಲದಂತೆ ಬ್ಯಾಟರಿಯ ಪಂಪನ್ನು ಸಿದ್ಧವಾಗಿಟ್ಟಿದ್ದೆವು.

ಈ ಸಲ ಒಂದು ಮೀನೂ ಸಾಯಲಿಲ್ಲ.

ಕೆಲವರು ಸಮುದ್ರದ ನೀರಿನ ತೊಟ್ಟಿಯ ವಿಷಯ ಕೇಳುವುದುಂಟು. ತತ್ತ್ವವು ಅದೇ, ಎಚ್ಚರಿಕೆ ಹೆಚ್ಚು. ಅಲ್ಲಿ ಬ್ಯಾಕ್ಟೀರಿಯಗಳ ಮುಖ್ಯ ಮನೆಯು ರಂಧ್ರಗಳುಳ್ಳ ಬಂಡೆ. ಅದನ್ನು ಹಳೆಯ ನೀರಿನಲ್ಲಿಯೇ ಸಾಗಿಸತಕ್ಕದ್ದು. ಹೊಸ ನೀರನ್ನು ಲೀಟರಿಗೆ ಸುಮಾರು ೩೫ ಗ್ರಾಮು ಸಮುದ್ರದ ಲವಣ ಬೆರೆಸಿ ಮುಂಚಿತವಾಗಿಯೇ ಸಿದ್ಧಪಡಿಸಿ, ಉಪ್ಪೂ ಉಷ್ಣವೂ ಹಳೆಯದಕ್ಕೆ ಸರಿಹೊಂದುವುವೇ ಎಂದು ನೋಡಬೇಕು. ಆವಿಯಾಗಿ ಹೋದ ನೀರಿಗೆ ಬದಲಾಗಿ ಸಿಹಿನೀರನ್ನೇ ಹಾಕಬೇಕು. ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಹವಳದ ದೇಹದೊಳಗೆ ವಾಸಿಸಿ ಅದಕ್ಕೆ ಆಹಾರ ಕೊಡುವ ಪಾಚಿಯು, ನೀರಿನ ಉಷ್ಣವು ರೂಢಿಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಏರಿ ಹಾಗೆಯೇ ನಿಂತರೆ ಹೊರಟುಹೋಗುವುದು, ಹವಳವು ಬಿಳಿಚುವುದು. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಕಲಬುರಗಿಯಲ್ಲಿ ನೀರನ್ನು ತಂಪಾಗಿಡುವ ಯಂತ್ರವಿಲ್ಲದೆ ಅಂಥ ತೊಟ್ಟಿಯನ್ನು ಇಡುವುದು ಜೀವಹಿಂಸೆಯೇ ಸರಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳುಂಟು. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವುಗಳನ್ನು ರಕ್ಷಿಸುವುದರಿಂದ ಅವನ್ನು ಕೀಳುವುದು ಅಪರಾಧ. ಅವನ್ನು ಇದ್ದಲ್ಲಿಯೇ ನೋಡಿ ಬರುವುದು ಲೇಸು.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. ವಸತಿಗೃಹಕ್ಕೆ ಬರುವ ಮಕ್ಕಳು ಹಾಸಿಗೆ ಹೊದಿಕೆಗಳೆಲ್ಲವನ್ನೂ ಹೊಸದಾಗಿಯೇ ತರಬೇಕೆಂಬ ನಿಯಮವನ್ನು ಸ್ವಚ್ಛತೆಯ ಹೆಸರಿನಲ್ಲಿ ನಾವೇ ಮಾಡಿದ್ದೆವು. ಮೊದಲ ವಾರಗಳಲ್ಲಿ ಊಟ ಬಿಟ್ಟು ಕೊರಗುವ ಹುಡುಗಿಯರನ್ನು ಕಂಡಾಗ ಅವರನ್ನು ಸೂಕ್ಷ್ಮ ಸ್ವಭಾವದವರೆಂದು ಭಾವಿಸುತ್ತಿದ್ದೆವು. ಈಗ ಆ ನಿಯಮವಿಲ್ಲ. ಅಜ್ಜಿ ಹೊಲಿದ ಹಳೆಯ ಕೌದಿಯನ್ನು ತೊಳೆದು ಕಳುಹಿಸಿರಿ. ಒಂದೇ ಊರಿನ ಇಬ್ಬರನ್ನು ಮೊದಲ ತಿಂಗಳು ಒಂದೇ ಕೋಣೆಯಲ್ಲಿ ಇರಿಸುತ್ತೇವೆ. ಇದನ್ನು ನಮಗೆ ಕಲಿಸಿದವಳು ಕಮಲಾಪುರದ ಆ ತಾಯಿ. ಅಂದು ಅವಳ ಮಾತಿಗೆ ನಕ್ಕುದಕ್ಕಾಗಿ ಈ ಪುಟದಲ್ಲಿ ಅವಳ ಕ್ಷಮೆ ಬೇಡುತ್ತೇವೆ.